ತಡವಾಗಿ ಬಂದು ಒಲೆ ಗೆದ್ದ ಟೊಮೆಟೊ

1508ರ ಸುಮಾರಿಗೆ ಮೂರನೇ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಬರೆದಾಗ ಬದನೆಕಾಯಿಯ ಅಡುಗೆಗೆಂದೇ ಒಂದು ಅಧ್ಯಾಯ ಮೀಸಲಿಟ್ಟ. ಹಲಸಿಗೂ ಬಾಳೆಗೂ ಕಳಲೆಗೂ ಅವನ ಪುಸ್ತಕದಲ್ಲಿ ಜಾಗವಿದೆ. ಬದನೆಯ ಹತ್ತಿರದ ಬಂಧುವಾದ ಟೊಮೆಟೊ ಮಾತ್ರ ಅಲ್ಲಿಲ್ಲ. ಸ್ಪೇನಿನ ಸೈನಿಕರು ಮೆಕ್ಸಿಕೊದ ನೆಲಕ್ಕೆ ಕಾಲಿಡಲು ಇನ್ನೂ ಹತ್ತು ವರ್ಷ ಬಾಕಿ ಇತ್ತು. ಅಲ್ಲಿನವರು ತಲೆಮಾರುಗಳಿಂದ ಬೆಳೆದು ತಿನ್ನುತ್ತಿದ್ದ ಈ ಹಣ್ಣು ಸಾಗರ ದಾಟಿರಲಿಲ್ಲ.

ಟೊಮೆಟೊ ಇಲ್ಲದ ಆ ಅಡುಗೆಮನೆಗೆ ಹುಳಿಯ ಬರವೇನೂ ಇರಲಿಲ್ಲ. ಬಯಲುಸೀಮೆಗೆ ಹುಣಸೆ, ಕರಾವಳಿಗೆ ಪುನರ್ಪುಳಿ, ಬಿಂಬುಳಿ, ಅಮಟೆಕಾಯಿ, ಕೊಡಗಿಗೆ ಕಾಚಂಪುಳಿ, ಬೇಸಿಗೆ ಬಂದರೆ ಮಾವಿನಕಾಯಿ, ಎಲ್ಲ ಕಡೆ ನಿಂಬೆ, ಮಜ್ಜಿಗೆ. ಇವುಗಳಲ್ಲಿ ಹೆಚ್ಚಿನವನ್ನು ಒಣಗಿಸಿಯೋ, ಉಪ್ಪಿನಲ್ಲಿಟ್ಟೋ, ರಸ ಬತ್ತಿಸಿಯೋ ಕಾಪಿಡಬಹುದಿತ್ತು. ಸುಗ್ಗಿಯಲ್ಲಿ ಬೀಜ ಬಿಡಿಸಿ ಉಪ್ಪು ಬೆರೆಸಿ ಜಾಡಿಗೆ ತುಂಬಿದ ಹುಣಸೆ ಮುಂದಿನ ಸುಗ್ಗಿಯವರೆಗೆ ಸಾರಿಗೆ ಆಗುತ್ತಿತ್ತು. ನಮ್ಮ ಹುಳಿ ಜಾಡಿಯಲ್ಲಿತ್ತು, ಸಂತೆಯಲ್ಲಿರಲಿಲ್ಲ. ಟೊಮೆಟೊದ ಮುಂದಿನ ಕಥೆಗೆಲ್ಲ ಈ ಸಂಗತಿಯೇ ಬೇರು.

ಹೊಸ ಜಗತ್ತಿನ ಮೆಣಸಿನಕಾಯಿಯಂತೆ ಟೊಮೆಟೊವನ್ನೂ ಭಾರತಕ್ಕೆ ತಂದವರು ಪೋರ್ಚುಗೀಸರೇ ಎಂದು ಸಾಮಾನ್ಯವಾಗಿ ನಂಬಲಾಗಿದೆ. ಮೆಣಸಿನಕಾಯಿಗೆ ಮಣೆ ಹಾಕಿದ ದೇಶ ಟೊಮೆಟೊವನ್ನು ಬಹುಕಾಲ ಬಾಗಿಲಲ್ಲೇ ನಿಲ್ಲಿಸಿತು. ಭಾರತದ ಉಪಯುಕ್ತ ಸಸ್ಯಗಳ ಬಗ್ಗೆ 1889ರಿಂದ ಸಂಪುಟಗಳನ್ನು ಹೊರತಂದ ಜಾರ್ಜ್ ವಾಟ್, ಇದನ್ನು ಮುಖ್ಯವಾಗಿ ಯುರೋಪಿಯನ್ನರಿಗಾಗಿ ಬೆಳೆಯುತ್ತಾರೆ, ಬಂಗಾಳಿಗಳೂ ಬರ್ಮಾದವರೂ ತಮ್ಮ ಹುಳಿ ಪದಾರ್ಥಗಳಿಗೆ ಬಳಸುತ್ತಾರೆ ಎಂದು ದಾಖಲಿಸಿದ್ದಾರೆ. ಅಂದರೆ ಸುಮಾರು 130 ವರ್ಷಗಳ ಹಿಂದೆಯೂ ಇದು ಬಹುಪಾಲು ಸಾಹೇಬರ ತೋಟದ ಬೆಳೆ.

ಆ ಅಪರಿಚಿತತನದ ಗುರುತು ಇನ್ನೂ ಅಳಿಸಿಲ್ಲ. ಪುರಿಯ ಜಗನ್ನಾಥನ ಮಹಾಪ್ರಸಾದಕ್ಕೆ ಟೊಮೆಟೊ, ಆಲೂಗಡ್ಡೆ, ಹೂಕೋಸು ಸೇರುವುದಿಲ್ಲ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಶ್ರಾದ್ಧದ ದಿನ ಟೊಮೆಟೊಗೆ ಪ್ರವೇಶವಿಲ್ಲ. ಹಿರಿಯರು ಉಂಡ ರುಚಿಯಲ್ಲೇ ಹಿರಿಯರಿಗೆ ಬಡಿಸಬೇಕೆಂಬ ಈ ಕಟ್ಟಳೆ ಹಳೆಯ ಊಟವನ್ನು ಯಾವ ಇತಿಹಾಸದ ಪುಸ್ತಕಕ್ಕಿಂತಲೂ ಚೆನ್ನಾಗಿ ಉಳಿಸಿದೆ.

ಹಾಗಾದರೆ ಅದು ಒಲೆ ಗೆದ್ದದ್ದು ಹೇಗೆ? ಹುಣಸೆ ಹುಳಿಯನ್ನಷ್ಟೇ ಕೊಡುತ್ತದೆ. ಟೊಮೆಟೊದಲ್ಲಿ ಹುಳಿಯ ಜೊತೆ ಒಂದಿಷ್ಟು ಸಿಹಿ ಇದೆ, ನಾಲಿಗೆಗೆ ತುಂಬು ರುಚಿ ಕೊಡುವ ಗ್ಲುಟಮೇಟ್ ಇದೆ, ಬಣ್ಣವಿದೆ. ಎಣ್ಣೆಯಲ್ಲಿ ಬಾಡಿಸಿದರೆ ಕರಗಿ ಗೊಜ್ಜಿಗೆ ಮೈ ಬರುತ್ತದೆ. ನೆನೆಸುವ, ಕಿವುಚುವ, ಸೋಸುವ ಕೆಲಸವಿಲ್ಲ. ಬೆಳಗಿನ ಗಡಿಬಿಡಿಯಲ್ಲಿ ಡಬ್ಬಿ ಕಟ್ಟುವ ಮನೆಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ? ಟೊಮೆಟೊ ಬಾತ್, ಟೊಮೆಟೊ ಸಾರು, ಉತ್ತರ ಕರ್ನಾಟಕದ ಹಸಿ ಟೊಮೆಟೊಕಾಯಿ ಚಟ್ನಿ ಮನೆಮಾತಾದದ್ದು ಹೀಗೆ.

ಹೋಟೆಲುಗಳ ಪಾತ್ರವೂ ಸಣ್ಣದಲ್ಲ. ದೇಶವಿಭಜನೆಯ ನಂತರ ಪೆಶಾವರದಿಂದ ದೆಹಲಿಗೆ ಬಂದ ಕುಂದನ್ ಲಾಲ್ ಗುಜ್ರಾಲ್ ಮತ್ತು ಅವರ ಜೊತೆಗಾರರು ದರಿಯಾಗಂಜ್‌ನಲ್ಲಿ ನಡೆಸಿದ ಮೋತಿ ಮಹಲ್, ಟೊಮೆಟೊ ಮತ್ತು ಬೆಣ್ಣೆಯ ಗ್ರೇವಿಯ ಬಟರ್ ಚಿಕನ್‌ಗೆ ಹೆಸರಾಯಿತು. ಆ ಖಾದ್ಯದ ಶ್ರೇಯ ಯಾರದೆಂಬ ಜಗಳ 2024ರಲ್ಲಿ ದೆಹಲಿ ಹೈಕೋರ್ಟಿನವರೆಗೂ ಹೋಯಿತು. ಈರುಳ್ಳಿ–ಟೊಮೆಟೊದ ಪಂಜಾಬಿ ಗ್ರೇವಿಯೂ ಢಾಬಾಗಳ ಮೂಲಕ ದೇಶವೆಲ್ಲ ಹಬ್ಬಿತು. ಬೆಂಗಳೂರಿನ ‘ನಾರ್ತ್ ಇಂಡಿಯನ್’ ಮೆನುವಿನ ಪನೀರ್, ಕೋಫ್ತಾ, ಮಶ್ರೂಮ್‌ಗಳೆಲ್ಲ ಇವತ್ತಿಗೂ ಅದರಲ್ಲೇ ಮುಳುಗಿವೆ.

ಬಯಕೆ ಇದ್ದರೆ ಸಾಲದು, ಬೀಜ ಬೇಕು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಅಮೆರಿಕದ ಸೂ ತಳಿಯನ್ನು ಇಲ್ಲಿನ ‘ಇಂಪ್ರೂವ್ಡ್ ಮೀರುತಿ’ಯೊಂದಿಗೆ ಬೆರೆಸಿ ‘ಪೂಸಾ ರೂಬಿ’ ಕೊಟ್ಟಿತು. 1973ರಲ್ಲಿ, ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರಾದ ವರ್ಷದಲ್ಲೇ, ಮನಮೋಹನ ಅತ್ತಾವರ ಅವರ ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಒಂದು ಹೈಬ್ರಿಡ್ ಟೊಮೆಟೊವನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರೂ ‘ಕರ್ನಾಟಕ’. ನಾಡಿನ ಹೆಸರು ಹೊತ್ತ ಆ ಬೀಜದ ಕಥೆ ಶಾಲಾ ಪುಸ್ತಕಗಳಲ್ಲಿ ಇರಬೇಕಿತ್ತು. ಮುಂದೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಎಲೆ ಮುಟುರು ರೋಗ, ದುಂಡಾಣು ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆಯುವ ‘ಅರ್ಕಾ ರಕ್ಷಕ್’ ರೂಪಿಸಿತು.

ದೂರದ ಲಾರಿ ಪ್ರಯಾಣಕ್ಕೆ ತಾಳುವ ಗಟ್ಟಿ ಸಿಪ್ಪೆಯ ಹಣ್ಣು ಬಂದಾಗ ಹುಳಿ ಕೊಂಚ ಹಿಂದೆ ಸರಿಯಿತು. ಬೆಂಗಳೂರಿನ ಗಾಡಿಗಳಲ್ಲಿ ಈಗಲೂ ‘ನಾಟಿ’, ‘ಫಾರಂ’ ಎಂಬ ಎರಡು ರಾಶಿ ಇರುತ್ತವೆ. ಸಾರಿಗೆ ನಾಟಿಯೇ ಆಗಬೇಕೆಂದು ಹಟ ಹಿಡಿಯುವವರ ನಾಲಿಗೆ ಸರಿಯಾಗಿಯೇ ಇದೆ.

ಈ ಬೆಳೆಗೆ ಮೈಯೊಡ್ಡಿದ ಜಿಲ್ಲೆ ಕೋಲಾರ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿ, ಹನಿ ನೀರಾವರಿ, ಸಾಲುಗಟ್ಟಿ ನೆಟ್ಟ ಕೋಲುಗಳಿಗೆ ದಾರದಿಂದ ಕಟ್ಟಿದ ಗಿಡ – ಇದು ಇಲ್ಲಿನ ಬೇಸಾಯ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಜಿಲ್ಲೆಗೆ ಹರಿಯಿತು. ಕೋಲಾರದ ಎಪಿಎಂಸಿ ಏಷ್ಯಾದ ಅತಿ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಮಂಡಿಗಳಲ್ಲಿ 15 ಕಿಲೋ ಬಾಕ್ಸ್ ಲೆಕ್ಕದಲ್ಲಿ ಹರಾಜು ಕೂಗುತ್ತಾರೆ. ಮುಂಗಾರಿನ ತಿಂಗಳುಗಳಲ್ಲಿ ಹೊರರಾಜ್ಯದ ಲಾರಿಗಳು ಸಾಲುಗಟ್ಟುತ್ತವೆ.

2023ರ ಜುಲೈಯಲ್ಲಿ ಆ ಒಂದು ಬಾಕ್ಸ್ 2,000 ರೂಪಾಯಿ ದಾಟಿತು. ಚಿಲ್ಲರೆ ಅಂಗಡಿಗಳಲ್ಲಿ ಕಿಲೋ ಬೆಲೆ 100 ಮೀರಿ, ಕೆಲವು ನಗರಗಳಲ್ಲಿ 200 ಮುಟ್ಟಿತು. ಹಳೇಬೀಡು ಸಮೀಪದ ಹೊಲವೊಂದರಿಂದ ಟೊಮೆಟೊ ಕಳವಾಗಿ ಪೊಲೀಸರಿಗೆ ದೂರು ಹೋಯಿತು. ಮ್ಯಾಕ್‌ಡೊನಾಲ್ಡ್ಸ್ ಉತ್ತರ ಮತ್ತು ಪೂರ್ವ ಭಾರತದ ತನ್ನ ಹಲವು ಮಳಿಗೆಗಳಲ್ಲಿ ಬರ್ಗರಿನಿಂದ ಟೊಮೆಟೊ ತೆಗೆಯಿತು. ಕೇಂದ್ರ ಸರ್ಕಾರ ದೆಹಲಿಯಲ್ಲಿ ವ್ಯಾನುಗಳಿಂದ ರಿಯಾಯಿತಿ ದರದಲ್ಲಿ ಮಾರಿಸಿತು, ನೇಪಾಳದಿಂದಲೂ ತರಿಸಿತು. ವರ್ಷಕ್ಕೆ ಸುಮಾರು 2 ಕೋಟಿ ಟನ್ ಬೆಳೆದು ಚೀನಾದ ನಂತರದ ಸ್ಥಾನದಲ್ಲಿರುವ ದೇಶದ ಸ್ಥಿತಿ ಇದು.

ಬೆಲೆ ಬಿದ್ದಾಗಿನ ಚಿತ್ರ ಇನ್ನೂ ಕ್ರೂರ. ಕೀಳುವ ಕೂಲಿ, ಸಾಗಣೆಯ ಬಾಡಿಗೆಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿಯುತ್ತಾರೆ, ಹೊಲದಲ್ಲೇ ಕೊಳೆಯಲು ಬಿಡುತ್ತಾರೆ. ಗಿಡ ನೆಟ್ಟ ಎರಡು ತಿಂಗಳ ಆಸುಪಾಸಿನಲ್ಲಿ ಕೊಯ್ಲು ಶುರುವಾಗುವುದರಿಂದ, ಏರಿದ ಬೆಲೆ ನೋಡಿ ಎಲ್ಲರೂ ನಾಟಿ ಮಾಡುತ್ತಾರೆ. ಎಲ್ಲರ ಹಣ್ಣೂ ಒಟ್ಟಿಗೆ ಮಂಡಿಗೆ ಬಂದು ಬೆಲೆ ನೆಲ ಕಚ್ಚುತ್ತದೆ. 2018ರ ಬಜೆಟ್‌ನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಾಗಿ 500 ಕೋಟಿ ರೂಪಾಯಿಯ ‘ಆಪರೇಷನ್ ಗ್ರೀನ್ಸ್’ ಘೋಷಣೆಯಾಯಿತು. ಅದಾಗಿ ಐದು ವರ್ಷಕ್ಕೆ ಬಂದ 2023ರ ಜುಲೈ, ಆ ಯೋಜನೆ ಸಾಲಲಿಲ್ಲವೆಂದು ತೋರಿಸಿತು.

ವರ್ಷಗಟ್ಟಲೆ ಉಳಿಯುವ ಹುಳಿಯನ್ನು ಬಿಟ್ಟು ಕೆಲವೇ ದಿನಗಳಲ್ಲಿ ಕೊಳೆಯುವ ಹುಳಿಯ ಮೇಲೆ ಇಡೀ ದೇಶದ ಅಡುಗೆ ನಿಂತಿದೆ. ಈ ಏರಿಳಿತದ ಒಂದು ಮೂಲ ಅಲ್ಲಿದೆ. ಮಂಡಿಯ ಪಕ್ಕದಲ್ಲೇ ಹಣ್ಣನ್ನು ಪ್ಯೂರಿ ಮಾಡುವ, ಒಣಗಿಸುವ ಘಟಕಗಳನ್ನು ಕಟ್ಟುವುದು ಸರ್ಕಾರದ ಕೆಲಸ, ಅದನ್ನು ಕೇಳಿ ಪಡೆಯಬೇಕು. ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಬೆಲೆ ಏರಿದ ವಾರ ಸಾರಿಗೆ ಹುಣಸೆ ಹಾಕಿ. ಬೆಲೆ ಬಿದ್ದ ವಾರ ಚೌಕಾಸಿ ಮಾಡದೆ ಎರಡು ಕಿಲೋ ಹೆಚ್ಚು ಕೊಂಡು, ಉಪ್ಪು ಖಾರ ಹಾಕಿ ಎಣ್ಣೆಯಲ್ಲಿ ಬತ್ತಿಸಿ, ಜಾಡಿ ತುಂಬಿಸಿಡಿ.