ದೊಡ್ಡ ಆಸ್ಪತ್ರೆಗಿಂತ ಮೊದಲು ಹತ್ತಿರದ ಇಸಿಜಿ

ಏಪ್ರಿಲ್-ಮೇ ಬಂತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳು ತುಂಬಿಕೊಳ್ಳುತ್ತವೆ. ಬೆಂಗಳೂರು, ಮುಂಬೈಗಳಲ್ಲಿ ಹೋಟೆಲು, ಬೇಕರಿ ನಡೆಸುವವರು ಮಕ್ಕಳ ರಜೆಗೆಂದು ಊರಿಗೆ ಬಂದಿರುತ್ತಾರೆ. ಕೊಲ್ಲೂರು, ಆನೆಗುಡ್ಡೆ, ಮಂದಾರ್ತಿಗೆ ಬರುವ ಹೊರ ಊರಿನ ಕುಟುಂಬಗಳು ಬೇರೆ. ಬೆಳಿಗ್ಗೆ ದೇವಸ್ಥಾನ, ಮಧ್ಯಾಹ್ನ ಭರ್ಜರಿ ಊಟ, ಸಂಜೆ ಮರವಂತೆಯ ಕಡಲು, ರಾತ್ರಿಯಿಡೀ ಯಕ್ಷಗಾನದ ಆಟ. ನಿದ್ದೆ ಕಡಿಮೆ, ಸೆಕೆ ಜಾಸ್ತಿ, ದಿನವೂ ನುಂಗುವ ಮಾತ್ರೆ ಯಾವ ಬ್ಯಾಗಿನಲ್ಲಿ ಉಳಿಯಿತೋ ನೆನಪಿಲ್ಲ. ಇಂಥ ರಜೆಯ ನಡುವೆ ಐವತ್ತೈದು ದಾಟಿದವರೊಬ್ಬರಿಗೆ ಎದೆಯ ಮೇಲೆ ಕಲ್ಲು ಹೇರಿದಂತಾಗಿ ಬೆವರೊಡೆದರೆ ಮನೆಯಲ್ಲಿ ಮೊದಲು ಕೇಳಿಸುವ ಮಾತು, 'ಗ್ಯಾಸ್ ಆದ್ದ್ ಕಾಣಿ'. ಸೋಡಾ ಬರುತ್ತದೆ, ಶುಂಠಿ ಕಷಾಯ ಬರುತ್ತದೆ. ಅದಾವುದೂ ನಾಟದಿದ್ದಾಗ ಎರಡನೆಯ ಮಾತು: 'ಸೀದಾ ಮಣಿಪಾಲದ ದೊಡ್ಡ ಆಸ್ಪತ್ರೆಗೇ ಕರೆದುಕೊಂಡು ಹೋಗುವ'. ಮೊದಲ ಮಾತಿನಿಂದ ಹೃದಯಕ್ಕೆ ಹಾನಿಯೆಂಬುದು ಈಗ ಬಹುತೇಕ ಎಲ್ಲರಿಗೂ ಗೊತ್ತು. ಎರಡನೆಯದು ಜಾಣತನದಂತೆ ಕಾಣುತ್ತದೆ, ಆದರೆ ಹಲವು ಬಾರಿ ಅದೂ ಅಷ್ಟೇ ದುಬಾರಿ. ಹೃದಯಾಘಾತದಿಂದ ಒಬ್ಬರು ಎಷ್ಟು ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ಆಸ್ಪತ್ರೆಯ ಗಾತ್ರಕ್ಕಿಂತ ಹೆಚ್ಚಾಗಿ ಅದು ಎಷ್ಟು ಹತ್ತಿರದಲ್ಲಿದೆ ಎಂಬುದೇ ತೀರ್ಮಾನಿಸುತ್ತದೆ. ಮೊದಲ ಎರಡು ಗಂಟೆಗೂ ಈ ಮಾತು ನಿಜ, ಮುಂದಿನ ಎರಡು ವರ್ಷಕ್ಕೂ ನಿಜ.

ಯಾಕೆಂದು ತಿಳಿಯಲು ಹೃದಯದ ಗೋಡೆಯೊಳಗೆ ಏನಾಗುತ್ತದೆಂದು ನೋಡಬೇಕು. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದೊಳಗೆ ವರ್ಷಗಟ್ಟಲೆ ಕೊಬ್ಬು ಸೇರಿ ದಪ್ಪಗಟ್ಟಿರುತ್ತದೆ. ಒಂದು ದಿನ ಆ ಪದರ ಬಿರಿಯುತ್ತದೆ, ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ನಾಳ ಮುಚ್ಚಿದಾಕ್ಷಣ ಸ್ನಾಯು ಸಾಯುವುದಿಲ್ಲ. 1977ರಲ್ಲಿ ಅಮೆರಿಕದ ರೈಮರ್, ಜೆನ್ನಿಂಗ್ಸ್ ಮತ್ತು ಸಂಗಡಿಗರು ನಾಯಿಗಳ ಮೇಲೆ ನಡೆಸಿದ ಪ್ರಯೋಗ ಇದನ್ನು ಅಳೆದು ತೋರಿಸಿತು. ನಾಳವನ್ನು 40 ನಿಮಿಷ ಕಟ್ಟಿ ಬಿಟ್ಟಾಗ ರಕ್ತ ಸಿಗದ ಭಾಗದಲ್ಲಿ ಶೇ. 38ರಷ್ಟು ಸ್ನಾಯು ಸತ್ತಿತ್ತು. 3 ಗಂಟೆಗೆ ಶೇ. 57, 6 ಗಂಟೆಗೆ ಶೇ. 71. ಸಾವು ಗೋಡೆಯ ಒಳಮೈಯಲ್ಲಿ ಶುರುವಾಗಿ ಹೊರಮೈಯತ್ತ ಅಲೆಯಂತೆ ಸಾಗುತ್ತದೆ. ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ ಎನ್ನಬಹುದು. ಆ ಜಾಗದಲ್ಲಿ ಆರೇಳು ವಾರಗಳಲ್ಲಿ ಗಟ್ಟಿ ಕಲೆ ಕೂರುತ್ತದೆ. ಕಲೆ ಗೋಡೆಯನ್ನು ಹಿಡಿದು ನಿಲ್ಲಿಸುತ್ತದೆಯೇ ಹೊರತು ರಕ್ತವನ್ನು ಒತ್ತುವುದಿಲ್ಲ. ಹೀಗಾಗಿ, ಮುಂದೆ ಮೆಟ್ಟಿಲು ಹತ್ತುವಾಗ ಏದುಸಿರು ಬರುವುದೋ ಇಲ್ಲವೋ ಎಂಬುದರ ದೊಡ್ಡ ಪಾಲು ಆ ಮೊದಲ ಗಂಟೆಗಳಲ್ಲೇ ನಿರ್ಧಾರವಾಗಿರುತ್ತದೆ. ಚೇತರಿಕೆ ಶುರುವಾಗುವುದು ಡಿಸ್ಚಾರ್ಜ್ ಆದ ದಿನದಿಂದಲ್ಲ, ನೋವು ಶುರುವಾದ ಗಳಿಗೆಯಿಂದ.

ರಜೆ ಹೃದಯಕ್ಕೂ ವಿರಾಮ ಎಂದು ನಾವು ಭಾವಿಸುತ್ತೇವೆ. ಸ್ವೀಡನ್ನಿನಲ್ಲಿ 1998ರಿಂದ 2013ರವರೆಗಿನ 2,83,014 ಹೃದಯಾಘಾತಗಳನ್ನು ಪರಿಶೀಲಿಸಿದಾಗ ಬೇರೆಯೇ ಕಂಡಿತು. ಕ್ರಿಸ್‌ಮಸ್ ಹಿಂದಿನ ದಿನ ಅಪಾಯ ಮಾಮೂಲಿಗಿಂತ ಶೇ. 37ರಷ್ಟು ಹೆಚ್ಚು. ಅದು ಅಲ್ಲಿನ ಚಳಿಯ ಕಾರಣ ಎನ್ನುವವರಿಗೆ ಉತ್ತರವೂ ಆ ಅಧ್ಯಯನದಲ್ಲೇ ಇದೆ: ನಡುಬೇಸಿಗೆಯ ಹಬ್ಬದಲ್ಲೂ ಅಪಾಯ ಶೇ. 12ರಷ್ಟು ಏರಿತ್ತು. ಊಟ, ನಿದ್ದೆ, ಮನಸ್ಸಿನ ಏರಿಳಿತ, ತಪ್ಪಿದ ಮಾತ್ರೆ ಇವೆಲ್ಲ ಸೇರಿ ಹೀಗಾಗಿರಬಹುದು. ಅದರ ಮೇಲೆ ತಡ ಬೇರೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಮುಂದಾಳತ್ವದಲ್ಲಿ ದೇಶದ 89 ಆಸ್ಪತ್ರೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿ 2008ರಲ್ಲಿ ಪ್ರಕಟವಾದ 'ಕ್ರಿಯೇಟ್' ಅಧ್ಯಯನದಲ್ಲಿ, ನೋವು ಶುರುವಾಗಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅರ್ಧದಷ್ಟು ಜನರಿಗೆ 360 ನಿಮಿಷ ಮೀರಿತ್ತು. ಆರು ಗಂಟೆ! ಮೇಲಿನ ಲೆಕ್ಕ ನೆನಪಿಸಿಕೊಂಡರೆ ಅದರ ಅರ್ಥ ತಾನೇ ತಿಳಿಯುತ್ತದೆ. ಪರವೂರಿನಲ್ಲಿರುವಾಗ ತಡಕ್ಕೆ ನೆಪಗಳೂ ಹೆಚ್ಚು: 'ಎಲ್ಲರ ಖುಷಿ ಹಾಳಾಗುತ್ತದೆ', 'ನಾಳೆ ಹೇಗೂ ಹೊರಡುತ್ತೇವೆ, ನಮ್ಮ ಡಾಕ್ಟರಿಗೇ ತೋರಿಸಿದರಾಯಿತು'. ಮಧುಮೇಹಿಗಳು, ಹೆಂಗಸರು, ವಯಸ್ಸಾದವರಲ್ಲಿ ನೋವೇ ಸ್ಪಷ್ಟವಿರದೆ ಬರೀ ಸುಸ್ತು, ಉಬ್ಬಸ, ವಾಂತಿ ಇದ್ದರಂತೂ ನೆಪ ಇನ್ನೂ ಸುಲಭ.

ಈಗ ಎರಡನೆಯ ಮಾತಿಗೆ, ಸೀದಾ ಮಣಿಪಾಲಕ್ಕೆ ಹೋಗುವ ಮಾತಿಗೆ ಬರೋಣ. ಮುಚ್ಚಿದ ನಾಳಕ್ಕೆ ತಂತಿ ತೂರಿಸಿ, ಬಲೂನು ಉಬ್ಬಿಸಿ, ಸ್ಟೆಂಟ್ ಕೂರಿಸುವುದೇ ಅತ್ಯುತ್ತಮ ಚಿಕಿತ್ಸೆ, ಅದರಲ್ಲಿ ತಕರಾರಿಲ್ಲ. ಆದರೆ ಒಂದು ಷರತ್ತಿದೆ: ಇಸಿಜಿಯಲ್ಲಿ ರೋಗ ಗೊತ್ತಾದ ಮೇಲೆ 120 ನಿಮಿಷದೊಳಗೆ ಅದು ಆಗಬೇಕು. ಬ್ರಹ್ಮಾವರದಿಂದ ಮಣಿಪಾಲ ಹದಿನೈದು ಕಿಲೋಮೀಟರಿನ ಆಸುಪಾಸು. ಅಲ್ಲಿಯವರು ನೇರ ಹೋಗುವುದೇ ಸರಿ. ಬೈಂದೂರಿನಿಂದಲಾದರೆ ಸುಮಾರು 70 ಕಿಲೋಮೀಟರು. ಕೊಲ್ಲೂರಿನ ಕಾಡುದಾರಿಯಿಂದ ಇನ್ನೂ ಹೆಚ್ಚು. ಕಾರು ಹೊಂದಿಸಲು ಇಪ್ಪತ್ತು ನಿಮಿಷ, ಹೆದ್ದಾರಿಯಲ್ಲಿ ಒಂದೂಕಾಲು ತಾಸು, ಅಲ್ಲಿ ಹೋಗಿ ಇಸಿಜಿ, ಒಪ್ಪಿಗೆ ಪತ್ರ, ಕ್ಯಾಥ್‌ಲ್ಯಾಬ್ ಸಿದ್ಧತೆ... ನಾಳ ತೆರೆಯುವಷ್ಟರಲ್ಲಿ ಎರಡೂವರೆ-ಮೂರು ಗಂಟೆ ಕಳೆದರೆ ಆಶ್ಚರ್ಯವಿಲ್ಲ. ಮಳೆಗಾಲದಲ್ಲಿ ಲೆಕ್ಕ ಮತ್ತೂ ಕೆಡುತ್ತದೆ. ಇಷ್ಟು ಹೊತ್ತೂ ಆ ಕಾರಿನಲ್ಲಿ ಯಾರಿಗೂ ಇದು ಹೃದಯಾಘಾತ ಹೌದೋ ಅಲ್ಲವೋ ಎಂದೇ ಗೊತ್ತಿಲ್ಲ.

ಗೊತ್ತುಮಾಡಿಕೊಳ್ಳಲು ಬೇಕಾದ್ದು ಒಂದು ಚಿಕ್ಕ ಯಂತ್ರ. ಕೈಕಾಲಿಗೆ ನಾಲ್ಕು ಕ್ಲಿಪ್ಪು, ಎದೆಗೆ ಆರು ಗುಂಡಿ. ಗುಲಾಬಿ ಚೌಕಗಳ ಕಾಗದ ಸೆಕೆಂಡಿಗೆ 25 ಮಿಲಿಮೀಟರಿನಂತೆ ಹೊರಬರುತ್ತದೆ. ಆರೋಗ್ಯವಂತರಲ್ಲಿ ಪ್ರತಿ ಬಡಿತದ ಚೂಪು ಶಿಖರದ ನಂತರ ಗೆರೆ ಇಳಿದು ಸಮತಟ್ಟಾಗುತ್ತದೆ. ನಾಳ ಪೂರ್ತಿ ಮುಚ್ಚಿದಾಗ ಆ ಸಮತಟ್ಟು ಒಂದೆರಡು ಮಿಲಿಮೀಟರು ಮೇಲೆದ್ದು, ದಿಬ್ಬದಂತೆ ಉಬ್ಬಿ ನಿಲ್ಲುತ್ತದೆ. ಕಡ್ಲೆಬೇಳೆಯಷ್ಟೂ ಇಲ್ಲದ ಆ ಉಬ್ಬಿನ ಮೇಲೆ ಮುಂದಿನ ಎಲ್ಲ ತೀರ್ಮಾನ ನಿಂತಿದೆ. ಇದನ್ನು ಓದಲು ತಜ್ಞರು ಅಲ್ಲೇ ಇರಬೇಕೆಂದಿಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಶುರುಮಾಡಿದ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಇದೇ ತಿಳಿವಿನ ಮೇಲೆ ನಡೆದದ್ದು: ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡುವುದು, ಅಲ್ಲಿನ ವೈದ್ಯರು ಕಾಗದದ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು, ತಜ್ಞರು ನೋಡಿ ಹೇಳುವುದು. ರೋಗಿ ದೂರ ಹೋಗುವ ಬದಲು ಗೆರೆ ದೂರ ಹೋಗುತ್ತದೆ.

ಉಬ್ಬು ಕಂಡಿತು, ಸ್ಟೆಂಟ್ ದೂರವಿದೆ ಎಂದಾದರೆ ಹೆಪ್ಪು ಕರಗಿಸುವ ಮದ್ದಿದೆ. ಇದು ಹಳೆಯದಾದ ಎರಡನೇ ದರ್ಜೆಯ ಚಿಕಿತ್ಸೆ ಎಂಬ ಆಕ್ಷೇಪ ಕೇಳಿಬರುತ್ತದೆ. ಹಳೆಯದು ಹೌದು. 1988ರ 'ಐಸಿಸ್-2' ಅಧ್ಯಯನದಲ್ಲಿ 17,187 ರೋಗಿಗಳ ಪೈಕಿ ಆಸ್ಪಿರಿನ್ ಮತ್ತು ಸ್ಟ್ರೆಪ್ಟೊಕೈನೇಸ್ ಎರಡನ್ನೂ ಪಡೆದವರಲ್ಲಿ, ಎರಡನ್ನೂ ಪಡೆಯದವರಿಗಿಂತ ಐದು ವಾರಗಳಲ್ಲಿ ಹೃದಯ-ರಕ್ತನಾಳದ ಸಾವು ಶೇ. 42ರಷ್ಟು ತಗ್ಗಿತ್ತು. ಈಗಿನ ಟೆನೆಕ್ಟೆಪ್ಲೇಸನ್ನು ತೂಕಕ್ಕೆ ತಕ್ಕಂತೆ 30ರಿಂದ 50 ಮಿಲಿಗ್ರಾಂ, ಒಂದೇ ಸಿರಿಂಜಿನಲ್ಲಿ, ಕೆಲವೇ ಸೆಕೆಂಡುಗಳಲ್ಲಿ ಕೊಡಬಹುದು. 2013ರ 'ಸ್ಟ್ರೀಮ್' ಅಧ್ಯಯನದಲ್ಲಿ, ನೋವು ಶುರುವಾದ ಮೂರು ಗಂಟೆಯೊಳಗೆ ಬಂದರೂ ಒಂದು ಗಂಟೆಯೊಳಗೆ ಸ್ಟೆಂಟ್ ಸಿಗದ ರೋಗಿಗಳಿಗೆ ಮೊದಲು ಈ ಮದ್ದು ಕೊಟ್ಟು ಆಮೇಲೆ ಆಂಜಿಯೋಗ್ರಾಂಗೆ ಕಳುಹಿಸಿದಾಗ ಫಲಿತಾಂಶ ನೇರ ಸ್ಟೆಂಟ್‌ಗೆ ಸರಿಸಮವಾಗಿತ್ತು. ನೆರೆಯ ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡವುಗಳಿಗೆ ಜೋಡಿಸಿ ಇದೇ ಕ್ರಮ ಅನುಸರಿಸಿದಾಗ ಒಂದು ವರ್ಷದೊಳಗಿನ ಸಾವು ಶೇ. 17.6ರಿಂದ 14.2ಕ್ಕೆ ಇಳಿಯಿತೆಂದು 2017ರಲ್ಲಿ ವರದಿಯಾಯಿತು. 2021ರ ಅಕ್ಟೋಬರ್ 29ರಂದು ಬರೀ 46ನೇ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಕರ್ನಾಟಕ 2023ರಲ್ಲಿ ಆರಂಭಿಸಿದ 'ಹೃದಯ ಜ್ಯೋತಿ' ಯೋಜನೆಯ ತಿರುಳೂ ಇದೇ: ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ, ದೂರದಿಂದ ತಜ್ಞರ ಸಲಹೆ, ಬೇಕಾದವರಿಗೆ ಈ ದುಬಾರಿ ಮದ್ದು ಉಚಿತ, ಆಮೇಲೆ ದೊಡ್ಡ ಆಸ್ಪತ್ರೆಗೆ ರವಾನೆ.

ಆಕ್ಷೇಪಗಳಲ್ಲಿ ನಿಜವಿಲ್ಲವೆಂದಲ್ಲ. ಹೆಪ್ಪು ಕರಗಿಸುವ ಮದ್ದಿನಿಂದ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ನೂರರಲ್ಲಿ ಒಬ್ಬರಿಗೋ ಅದಕ್ಕಿಂತ ಕಡಿಮೆಯೋ ಇದೆ. 75 ದಾಟಿದವರಿಗೆ ಅರ್ಧ ಪ್ರಮಾಣ ಕೊಡುವುದು ಅದಕ್ಕಾಗಿಯೇ. ಇತ್ತೀಚೆಗೆ ಪಾರ್ಶ್ವವಾಯು ಅಥವಾ ದೊಡ್ಡ ಶಸ್ತ್ರಚಿಕಿತ್ಸೆ ಆದವರಿಗೆ ಇದು ಸಲ್ಲದು. 'ಸ್ಟ್ರೀಮ್' ಅಧ್ಯಯನದಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಮದ್ದು ಸಾಲದೆ ತುರ್ತಾಗಿ ಆಂಜಿಯೋಗ್ರಾಂ ಬೇಕಾಯಿತು. ಅಂದರೆ ದೊಡ್ಡ ಆಸ್ಪತ್ರೆ ಬೇಕೇ ಬೇಕು. ಅದರ ಸರದಿ ಮಾತ್ರ ಎರಡನೆಯದು. ಇನ್ನೊಂದು ನ್ಯಾಯವಾದ ದೂರು, ಸಣ್ಣ ಆಸ್ಪತ್ರೆಗೆ ಹೋದರೆ ಡಾಕ್ಟರಿಲ್ಲ, ಯಂತ್ರವಿಲ್ಲ, ಹೊತ್ತು ಹಾಳು ಎಂಬುದು. ಇದಕ್ಕೆ ಉತ್ತರ ಆ ಆಸ್ಪತ್ರೆಯನ್ನು ದಾಟಿ ಹೋಗುವುದಲ್ಲ, ಹೊರಡುವ ಮೊದಲು 108ಕ್ಕೆ ಕರೆ ಮಾಡಿ ಹತ್ತಿರದಲ್ಲಿ ಇಸಿಜಿ ಎಲ್ಲಿದೆ ಎಂದು ಕೇಳುವುದು. ಆ್ಯಂಬುಲೆನ್ಸ್ ಕಾರಿಗಿಂತ ವೇಗವಾಗಿ ಹೋಗದಿರಬಹುದು. ಆದರೆ ದಾರಿಯಲ್ಲಿ ಬಡಿತ ತಾಳ ತಪ್ಪಿ ಹೃದಯ ನಿಂತರೆ ಎದೆ ಒತ್ತಲು ತರಬೇತಾದ ಕೈ ಅಲ್ಲಿರುತ್ತದೆ. ಒತ್ತಡವೇ ಸಿಗದಿದ್ದರೆ ಬದುಕುಳಿಯುವ ಅವಕಾಶ ನಿಮಿಷಕ್ಕೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ. ಅಂಥ ಹೊತ್ತಿನಲ್ಲಿ ಹತ್ತಿರದ ಆಸ್ಪತ್ರೆಯೂ ದೂರವೇ. ಪಕ್ಕದಲ್ಲಿರುವವರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಎರಡಿಂಚು ಆಳಕ್ಕೆ ಒತ್ತುತ್ತಿರುವುದೊಂದೇ ದಾರಿ.

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಹತ್ತಿರದ ಮಹತ್ವ ಮುಗಿಯುವುದಿಲ್ಲ, ಇನ್ನೊಂದು ರೂಪ ತಾಳುತ್ತದೆ. ಮನೆಯವರ ಮೊದಲ ತೀರ್ಪು, ಇನ್ನು ಮಲಗಿರಲಿ, ಏನೂ ಮಾಡುವುದು ಬೇಡ. ಒಂದು ಕಾಲಕ್ಕೆ ವೈದ್ಯಶಾಸ್ತ್ರವೂ ಹಾಗೇ ಹೇಳುತ್ತಿತ್ತು. ಆರು ವಾರ ಹಾಸಿಗೆ ಬಿಟ್ಟೇಳದಂತೆ ನೋಡಿಕೊಳ್ಳಲಾಗುತ್ತಿತ್ತು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಮೊದಲ ದಿನಗಳಿಂದಲೇ ಆರಾಮ ಕುರ್ಚಿಯಲ್ಲಿ ಕೂರಿಸಿ, ಅದರಿಂದ ಕೆಡುಕಾಗುವುದಿಲ್ಲ, ಒಳಿತೇ ಆಗುತ್ತದೆಂದು ತೋರಿಸಿದರು. ಸತ್ತ ಸ್ನಾಯುವಿನ ಸುತ್ತ ಸಾಯದೆ ಬರೀ ಮರಗಟ್ಟಿದ ಸ್ನಾಯುವಿರುತ್ತದೆ. ರಕ್ತ ಮರಳಿದರೆ ದಿನಗಳಿಂದ ವಾರಗಳೊಳಗೆ ಅದು ಕೆಲಸಕ್ಕಿಳಿಯುತ್ತದೆ. ಹೃದಯ ರಕ್ತ ಒತ್ತುವ ಬಲವನ್ನು ಅಳೆಯುವ ಮೊದಲ ಎಕೋ ಪರೀಕ್ಷೆಯಲ್ಲಿ ಕಂಡ ಕಡಿಮೆ ಅಂಕಿಯೇ ಕೊನೆಯದಲ್ಲ ಎನ್ನುವುದೂ, ಕೆಲವು ವಾರಗಳ ನಂತರ ಮತ್ತೆ ಎಕೋ ಮಾಡಿಸುವುದೂ ಇದಕ್ಕಾಗಿಯೇ. ಕ್ರಮಬದ್ಧ ವ್ಯಾಯಾಮದ ಬಗ್ಗೆ 85 ಅಧ್ಯಯನಗಳನ್ನು ಒಟ್ಟುಗೂಡಿಸಿದ 2021ರ ಕೊಕ್ರೇನ್ ಪರಾಮರ್ಶೆ, ಅದರಿಂದ ಹೃದಯ ಸಂಬಂಧಿ ಸಾವು ಸುಮಾರು ಕಾಲುಭಾಗ ತಗ್ಗುತ್ತದೆಂದು ಕಂಡುಕೊಂಡಿತು. ಸ್ಟೆಂಟ್ ಸರಿಪಡಿಸುವುದು ನಾಳದ ಒಂದೆರಡು ಸೆಂಟಿಮೀಟರನ್ನು. ಉಳಿದ ನಾಳಗಳು ಅದೇ ರಕ್ತದೊತ್ತಡ, ಅದೇ ಸಕ್ಕರೆ, ಅದೇ ಬೀಡಿಯ ಹೊಗೆಯಲ್ಲೇ ಬದುಕಬೇಕು.

ವ್ಯಾಯಾಮ ಮಾಡಿಸುವ ಕೇಂದ್ರ ಊರಲ್ಲಿ ಎಲ್ಲಿದೆ ಎಂದು ಕೇಳಬಹುದು. ಭಾರತದ 24 ಆಸ್ಪತ್ರೆಗಳಲ್ಲಿ 3,959 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ 'ಯೋಗ-ಕೇರ್' ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ಸರಳ ಯೋಗಕ್ರಮದಿಂದ ಮರು ಆಘಾತ, ಸಾವು ಖಚಿತವಾಗಿ ತಗ್ಗಿತೆಂದು ಅದು ಸಾಬೀತು ಮಾಡಲಿಲ್ಲ. ಆದರೆ ಜನರು ಮೊದಲಿನ ಕೆಲಸಗಳಿಗೆ ಮರಳುವುದು ಸುಲಭವಾಯಿತು, ಆರೋಗ್ಯ ಸುಧಾರಿಸಿದೆಯೆಂಬ ಭಾವನೆ ಬಂತು. ಕೇಂದ್ರ ದೂರವಿದ್ದರೂ ನಡೆಯುವ ದಾರಿ ಮನೆಯೆದುರೇ ಇದೆ. ಕರಾವಳಿಯಲ್ಲಿ ಮಾತ್ರ ಒಂದು ಎಚ್ಚರ ಬೇಕು. ಕಡಲ ಬದಿಯ ನಡಿಗೆ ಹಿತವೆನಿಸುತ್ತದೆ, ಆದರೆ ಅದೇ ವೇಗದಲ್ಲಿ ಮೆತ್ತನೆ ಮರಳಿನ ಮೇಲೆ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕೆಂದು 1998ರಲ್ಲೇ ಅಳೆಯಲಾಗಿದೆ. ಮೊದಲ ವಾರಗಳಲ್ಲಿ ತ್ರಾಸಿಯ ಮರಳು ಬೇಡ, ಗದ್ದೆ ಬದಿಯ ಸಮತಟ್ಟು ರಸ್ತೆ ಸಾಕು. ಸೆಕೆ ಏರುವ ಮೊದಲು, ಮಾತಾಡುತ್ತ ಹೋಗಬಲ್ಲಷ್ಟು ವೇಗದಲ್ಲಿ. 1,343 ಮೀಟರ್ ಎತ್ತರದ ಕೊಡಚಾದ್ರಿ ವೈದ್ಯರ ಒಪ್ಪಿಗೆಯಾಗುವ ತನಕ ಕಾಯಲಿ.

ಮಾತ್ರೆಯದೂ ಇದೇ ಕಥೆ. ಸ್ಟೆಂಟಿನ ಒಳಮೈ ಪೂರ್ತಿ ಮುಚ್ಚಿಕೊಳ್ಳುವ ಮೊದಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನಿಲ್ಲಿಸಿದರೆ ಸ್ಟೆಂಟೇ ಮುಚ್ಚಿಹೋಗಬಹುದು. ಸಾಮಾನ್ಯವಾಗಿ ಎರಡು ಬಗೆಯ ಮಾತ್ರೆ ಒಂದು ವರ್ಷ ಬೇಕು; ಹಲ್ಲು ಕೀಳಿಸಲೆಂದು ತಾವಾಗಿ ಬಿಡುವುದೂ ಸಲ್ಲ. ಹುಷಾರಾದೆ ಅನ್ನಿಸಿದ ತಿಂಗಳಲ್ಲೇ ಜನ ಮಾತ್ರೆ ಬಿಡುತ್ತಾರೆ. ಸೇಂಟ್ ಜಾನ್ಸ್‌ನವರೇ 806 ರೋಗಿಗಳ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಸಮುದಾಯದ ಆರೋಗ್ಯ ಕಾರ್ಯಕರ್ತರು ಆಗಾಗ ಭೇಟಿಯಾಗಿ ಮಾತಾಡಿಸಿದವರಲ್ಲಿ ಮಾತ್ರೆ ತಪ್ಪಿಸುವವರು ಕಡಿಮೆಯಿದ್ದರು. ಕುಚ್ಚಲಕ್ಕಿ ಗಂಜಿ ತಪ್ಪಲ್ಲ, ಅದರ ಜೊತೆಗಿನ ಉಪ್ಪಿನಕಾಯಿ, ಒಣಮೀನು, ಹಪ್ಪಳದಲ್ಲಿ ಅಡಗಿದ್ದೂ ಸೇರಿ ಒಟ್ಟು ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು ಎಂಬುದನ್ನು ತಿಳಿಹೇಳಲು ಹೃದ್ರೋಗ ತಜ್ಞರೇ ಬೇಕಿಲ್ಲ. ಆಘಾತವಾದ ಐವರಲ್ಲಿ ಒಬ್ಬರನ್ನು ಕಾಡುವ ಖಿನ್ನತೆ ಮೊದಲು ಕಣ್ಣಿಗೆ ಬೀಳುವುದೂ ಮನೆಯವರಿಗೇ. ರಜೆಗೆ ಹೊರಡುವಾಗ ದೇವಸ್ಥಾನದ ಪೂಜೆಯ ಹೊತ್ತು ವಿಚಾರಿಸಿಕೊಳ್ಳುತ್ತೇವೆ, ಆಟ ಎಲ್ಲಿದೆಯೆಂದು ಕೇಳಿಕೊಳ್ಳುತ್ತೇವೆ. ಆ ಪಟ್ಟಿಗೆ ಇನ್ನೆರಡು ಸೇರಲಿ: ಹಳೆಯ ಇಸಿಜಿಯ ಒಂದು ಫೋಟೊ ಮೊಬೈಲಿನಲ್ಲಿ, ಇಳಿದುಕೊಳ್ಳುವ ಊರಿಗೆ ಹತ್ತಿರದ ಇಸಿಜಿ ಯಂತ್ರ ಎಲ್ಲಿದೆಯೆಂಬ ವಿವರ ನೆನಪಿನಲ್ಲಿ.