ತೋಟಾ ತುಂಬುವ ಮನೆಯಲ್ಲಿ ಸೀಸದ ಧೂಳು

ಅಮೆರಿಕದಲ್ಲಿ ಪಿಸ್ತೂಲಿನ ಖಾಲಿ ತೋಟಾಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬುವ ಹವ್ಯಾಸ ಹಲವರಿಗಿದೆ. ಅಲ್ಲಿರುವ ನಿಮ್ಮ ಬಂಧುಗಳಿಗೂ ಇದ್ದರೆ, ಅಪಾಯ ಮದ್ದಿನದಷ್ಟೇ ಅಲ್ಲ, ಸೀಸದ್ದೂ ಇದೆಯೆಂದು ತಿಳಿಸಿ.

ಗುಂಡು ಹಾರಿಸುವ ಹೆಚ್ಚಿನ ಪ್ರೈಮರುಗಳಲ್ಲಿ ಸೀಸದ ಸಂಯುಕ್ತವಿರುತ್ತದೆ. ಅದರ ಮಸಿ ಖಾಲಿ ತೋಟಾದೊಳಗೆ ಉಳಿಯುತ್ತದೆ. ಒಣಪುಡಿಯಲ್ಲಿ ಉರುಳಿಸಿ ಉಜ್ಜುವ ಯಂತ್ರದಿಂದ ಈ ಧೂಳು ಗಾಳಿಗೇರುತ್ತದೆ. ಆದ್ದರಿಂದ ನೀರಿನಲ್ಲಿ ತೊಳೆಯುವ ಯಂತ್ರವನ್ನು ಆರಿಸುವುದು ಮೇಲು. ಕೆಲಸದ ಜಾಗದಲ್ಲಿ ತಿನ್ನಬಾರದು. ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಸೋಪಿನಿಂದ ಕೈ ತೊಳೆಯಬೇಕು.

ಸೀಸ ಮಕ್ಕಳ ಮೆದುಳಿಗೆ ಹಾನಿಕರ. ಸುರಕ್ಷಿತವೆನ್ನುವ ಪ್ರಮಾಣವೇ ಗೊತ್ತಾಗಿಲ್ಲ. ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಮುಟ್ಟಿದರೆ ಕ್ರಮ ಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಸೂಚಿಸಿತು. ಆ ಮನೆಯಲ್ಲಿ ಮಕ್ಕಳಿದ್ದರೆ ರಕ್ತಪರೀಕ್ಷೆ ಮಾಡಿಸಲು ಹೇಳಿ.