ಮಿಣುಕು ಎಣಿಸುವ ವಿದ್ಯಾರ್ಥಿಗಳು

1909. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಒಂದು ಕತ್ತಲೆ ಕೋಣೆ. ಅರ್ನೆಸ್ಟ್ ಮಾರ್ಸ್‌ಡೆನ್‌ಗೆ ಆಗ ಇಪ್ಪತ್ತು ವರ್ಷ. ಪದವಿ ಓದು ಇನ್ನೂ ಮುಗಿದಿಲ್ಲ. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಸತುವಿನ ಸಲ್ಫೈಡ್ ಬಳಿದ ತೆರೆಯ ಮೇಲೆ ಮೂಡಿ ಮಾಯವಾಗುವ ಮಿಣುಕುಗಳನ್ನು ಎಣಿಸುವುದು ಅವನ ಕೆಲಸ. ಒಂದು ಆಲ್ಫಾ ಕಣ ಬಡಿದರೆ ಒಂದು ಮಿಣುಕು. ಕಣ್ಣು ಕತ್ತಲೆಗೆ ಒಗ್ಗುವವರೆಗೆ ಎಣಿಕೆ ಶುರು ಮಾಡುವಂತಿಲ್ಲ.

ಕಣಗಳೇನಾದರೂ ಲೋಹದ ಹಾಳೆಗೆ ತಗುಲಿ ಹಿಂದಕ್ಕೆ ಸಿಡಿಯುತ್ತವೆಯೋ ನೋಡಲಿ ಎಂದು ಅಲ್ಲಿನ ಭೌತಶಾಸ್ತ್ರ ಪ್ರಾಧ್ಯಾಪಕ ರುದರ್‌ಫೋರ್ಡ್ ಈ ಹುಡುಗನಿಗೆ ಕೆಲಸ ಹಚ್ಚಿದರು. ಸಿಡಿದಾವೆಂಬ ನಂಬಿಕೆ ಸ್ವತಃ ಅವರಿಗೇ ಇರಲಿಲ್ಲ. ಆದರೆ ಸಿಡಿದವು, ಸುಮಾರು 8,000ಕ್ಕೆ ಒಂದರಂತೆ. ಅದರ ಅರ್ಥ ಹುಡುಕುತ್ತ ಹೋದ ರುದರ್‌ಫೋರ್ಡ್ 1911ರಲ್ಲಿ ಪರಮಾಣುವಿಗೊಂದು ನ್ಯೂಕ್ಲಿಯಸ್ ಇದೆ ಎಂದು ಸಾರಿದರು.

ಇಂಥ ಕೆಲಸ ಈಗ ವಿದ್ಯಾರ್ಥಿಗಳ ಕೈಗೆ ಸಿಗುವುದುಂಟೇ? ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ‘ಮೋನಾ’ ಎಂಬ ನ್ಯೂಟ್ರಾನ್ ಡಿಟೆಕ್ಟರ್ ಇದೆ. 2000ರ ದಶಕದ ಆರಂಭದಲ್ಲಿ ಹತ್ತು ಕಾಲೇಜು, ವಿಶ್ವವಿದ್ಯಾಲಯಗಳು ಸೇರಿ ಅದನ್ನು ಕಟ್ಟಿದವು. ಅವುಗಳಲ್ಲಿ ಹೋಪ್, ಕಾನ್ಕಾರ್ಡಿಯಾ, ವೆಸ್ಟ್‌ಮಾಂಟ್‌ನಂಥ ಸಣ್ಣ ಕಾಲೇಜುಗಳೂ ಇದ್ದವು. ಬಿಡಿಭಾಗಗಳು ಕಾಲೇಜುಗಳಿಗೇ ಹೋದವು. ಅವನ್ನು ಜೋಡಿಸಿ ಪರೀಕ್ಷಿಸಿದವರು ಪದವಿ ವಿದ್ಯಾರ್ಥಿಗಳು.

ಮೋನಾದಲ್ಲಿರುವುದು 144 ಪ್ಲಾಸ್ಟಿಕ್ ತೊಲೆಗಳು. ಒಂದೊಂದೂ ಎರಡು ಮೀಟರ್ ಉದ್ದ, ಹತ್ತು ಸೆಂಟಿಮೀಟರ್ ದಪ್ಪ. ನ್ಯೂಟ್ರಾನಿಗೆ ವಿದ್ಯುದಾವೇಶವಿಲ್ಲ, ಹಾಗಾಗಿ ಅದು ನೇರವಾಗಿ ಸುಳಿವು ಕೊಡುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿರುವ ಹೈಡ್ರೋಜನ್ನಿನ ಪ್ರೋಟಾನಿಗೆ ಡಿಕ್ಕಿ ಹೊಡೆದಾಗ, ಚಿಮ್ಮಿದ ಪ್ರೋಟಾನು ಬೆಳಕು ಹೊಮ್ಮಿಸುತ್ತದೆ. ಮಾರ್ಸ್‌ಡೆನ್ ಕಂಡಂಥದೇ ಮಿಣುಕು! ಎಣಿಸಲು ಈಗ ಕಣ್ಣಿನ ಬದಲು ತೊಲೆಯ ಎರಡೂ ತುದಿಗೆ ಫೋಟೊಮಲ್ಟಿಪ್ಲೈಯರ್ ಕೊಳವೆಗಳಿವೆ. ಬೆಳಕು ಯಾವ ತುದಿಗೆ ಎಷ್ಟು ಮೊದಲು ಮುಟ್ಟಿತು ಎಂಬುದರಿಂದ ಡಿಕ್ಕಿಯ ಜಾಗ ತಿಳಿಯುತ್ತದೆ. ಹುಟ್ಟಿದ ಜಾಗದಿಂದ ಇಲ್ಲಿಗೆ ಬರಲು ಹಿಡಿದ ಹೊತ್ತಿನಿಂದ ನ್ಯೂಟ್ರಾನಿನ ಶಕ್ತಿ ಲೆಕ್ಕ ಸಿಗುತ್ತದೆ.

ತೊಲೆಗೆ ಕಪ್ಪು ಹೊದಿಕೆ ಸುತ್ತುವ ಕೆಲಸ ನೋಡಲು ಬೈಂಡು ಹಾಕಿದಷ್ಟೇ ಸುಲಭ. ಆದರೆ ಎಲ್ಲೋ ಒಂದು ಸೂಜಿಮೊನೆಯಷ್ಟು ತೂತು ಉಳಿದರೂ ಕೋಣೆಯ ಬೆಳಕು ಒಳನುಗ್ಗಿ ಸುಳ್ಳು ಲೆಕ್ಕ ಕೊಡುತ್ತದೆ. ಅಳತೆ ಸರಿಯಿದೆಯೇ ಎಂದು ಒರೆಗೆ ಹಚ್ಚಲು ಆಕಾಶದಿಂದ ಸದಾ ಸುರಿಯುವ ಮ್ಯುಯಾನ್ ಕಣಗಳೇ ಸಾಕು. ಅದಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು.

ಈ ತಾಳ್ಮೆಗೆ ಫಲವೂ ಸಿಕ್ಕಿದೆ. ನ್ಯೂಟ್ರಾನುಗಳನ್ನು ಹಿಡಿದಿಟ್ಟುಕೊಳ್ಳಲಾಗದೆ ಹುಟ್ಟಿದ ಕ್ಷಣವೇ ಒಡೆಯುವ ಆಕ್ಸಿಜನ್-26, ಬೆರಿಲಿಯಂ-16ರಂಥ ನ್ಯೂಕ್ಲಿಯಸ್‌ಗಳ ಅಧ್ಯಯನದಲ್ಲಿ ಮೋನಾದ ಪಾಲಿದೆ. ಅದರ ಜೊತೆಗಾತಿ ‘ಲೀಸಾ’ದ 144 ತೊಲೆಗಳನ್ನೂ ಮುಂದೆ ವಿದ್ಯಾರ್ಥಿಗಳೇ ಜೋಡಿಸಿದರು.

ನಮ್ಮ ಬಿ.ಎಸ್ಸಿ. ಪ್ರಯೋಗಾಲಯಗಳಲ್ಲೂ ಜಿ.ಎಂ. ಕೌಂಟರ್ ಟಿಕ್ ಟಿಕ್ ಎನ್ನುತ್ತದೆ. ಅದರ ಹೆಸರಿನ ‘ಜಿ’ ಮಾರ್ಸ್‌ಡೆನ್ ಜೊತೆ ಕೆಲಸ ಮಾಡಿದ ಹಾನ್ಸ್ ಗೈಗರ್‌ನದೇ. ಆದರೆ ಅಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಗ್ರಾಫ್ ಹೇಗೆ ಬರಬೇಕೆಂದು ಹಳೆಯ ರೆಕಾರ್ಡ್ ಪುಸ್ತಕವೇ ಹೇಳಿಕೊಡುತ್ತದೆ. ಉತ್ತರ ಯಾರಿಗೂ ಗೊತ್ತಿಲ್ಲದ ಒಂದಾದರೂ ಪ್ರಶ್ನೆಯನ್ನು ಮೇಷ್ಟ್ರುಗಳು ವರ್ಷಕ್ಕೊಮ್ಮೆ ಅದೇ ಮೇಜಿನ ಮೇಲೆ ಇಡಲಿ. ಮಾರ್ಸ್‌ಡೆನ್‌ಗೆ ಸಿಕ್ಕಿದ್ದೂ ಅಷ್ಟೇ.